ಮಾರ್ಚ್ 1ರಂದು ಉಳುತ್ತಿದ್ದವರು ಯಾರು?

ಕುಲಶೇಖರದಲ್ಲಿ ಮೂಡುಬಿದಿರೆ ರಸ್ತೆಯಿಂದ ಒಳಕ್ಕೆ ಇಳಿದರೆ ಸಿಗುವ ಹಂಚಿನ ಮನೆಯೊಂದರ ಜಗಲಿ. ಮಾತನಾಡುವವರಲ್ಲಿ ಒಬ್ಬರು ಮಂಗಳೂರಿನ ಕೋರ್ಟುಗಳಲ್ಲಿ ಬಹುಕಾಲ ವಕೀಲಿ ಮಾಡಿ ಈಗ ಮನೆಯಲ್ಲಿರುವವರು. ಇನ್ನೊಬ್ಬಳು ನೆರೆಮನೆಯ ಹುಡುಗಿ, ಕಾನೂನು ಪದವಿಯ ಕೊನೆಯ ವರ್ಷದಲ್ಲಿರುವವಳು. ಅವಳ ಕೈಯಲ್ಲಿ ತಮ್ಮ ಮನೆ ಜಾಗದ ಹಳೆಯ ಮೂಲಗೇಣಿ ಚೀಟಿನ ನಕಲು.

ಹುಡುಗಿ: ಮಾಮ, ಇದನ್ನು ಸ್ವಲ್ಪ ನೋಡಿ ಹೇಳಿ. ಅಜ್ಜನ ಕಾಲದಿಂದ ನಮ್ಮದೆಂದು ಕೂತಿರುವ ಜಾಗ ಪೂರ್ತಿ ನಮ್ಮದಲ್ಲವಂತೆ. ಮನೆ ಸಾಲ ಕೇಳಲಿಕ್ಕೆ ಹೋದರೆ ಮೂಲಿದಾರರ ಒಪ್ಪಿಗೆ ಪತ್ರ ತನ್ನಿ ಎಂದರು.

ವಕೀಲರು: ಮೂಲಗೇಣಿ ಅಲ್ಲವಾ, ಹಾಗೇ ಕೇಳುತ್ತಾರೆ. ಅದು ಶಾಶ್ವತ ಗೇಣಿ. ನಿಮ್ಮನ್ನು ಎಬ್ಬಿಸಲಿಕ್ಕೆ ಆಗುವುದಿಲ್ಲ, ಮಕ್ಕಳಿಗೆ ಮೊಮ್ಮಕ್ಕಳಿಗೆ ಹಕ್ಕು ಇಳಿಯುತ್ತದೆ. ವರ್ಷಕ್ಕೆ ಒಂದಿಷ್ಟು ಪುಡಿಗಾಸು ಗೇಣಿ. ಆದರೆ ಮೂಲದ ಹಕ್ಕು ಇನ್ನೊಬ್ಬರ ಹತ್ತಿರ, ಅವರೇ ಮೂಲಿದಾರರು. ಮಂಗಳೂರು ಪೇಟೆಯಲ್ಲಿ ಇಂಥ ಮನೆಗಳು ತುಂಬ ಉಂಟು. ಇದನ್ನು ಬಿಡಿಸಬೇಕೆಂದೇ 2011ರಲ್ಲಿ ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯಿದೆ ಬಂತು. ಮೂಲಿದಾರರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು.

ಹುಡುಗಿ: ಅಲ್ಲಿಗೇ ಬಂದೆ ನಾನು. ಅವರ ಕಡೆಯೂ ನ್ಯಾಯ ಉಂಟಲ್ಲ? ಅವರ ಹಿರಿಯರ ಜಾಗ. ನಮ್ಮ ಕಡೆಯೂ ಉಂಟು, ಮೂರು ತಲೆಮಾರು ಬದುಕಿದ್ದೇವೆ, ಬಾವಿ ತೋಡಿದ್ದೇವೆ, ತೆಂಗು ಹಾಕಿದ್ದೇವೆ. ನ್ಯಾಯ ಎಂದರೇನು ಎಂದು ಕ್ಲಾಸಿನಲ್ಲಿ ರಾಲ್ಸ್, ನೋಝಿಕ್, ಬೆಂಥಮ್ ಎಲ್ಲರ ಸಿದ್ಧಾಂತ ಓದಿದೆವು. ಪರೀಕ್ಷೆಗೆ ಚೆನ್ನಾಗಿ ಬರೆದೆ. ಈ ಕಾಗದದ ಮುಂದೆ ಕೂತಾಗ ಅವರಲ್ಲಿ ಒಬ್ಬರೂ ಸಹಾಯಕ್ಕೆ ಬರಲಿಲ್ಲ.

ವಕೀಲರು: ಬರುತ್ತಾರೆ, ಆದರೆ ನೀನು ತಪ್ಪು ಬಾಗಿಲಿನಲ್ಲಿ ನಿಂತಿದ್ದೀ. ಮೂಲಗೇಣಿಯ ಜಗಳ ಸಣ್ಣದು, ಎರಡೂ ಕಡೆಯವರ ಕೈಯಲ್ಲಿ ಕಾಗದ ಉಂಟು. ನ್ಯಾಯ ಏನು, ಕಾನೂನು ಏನು ಎಂದು ತಿಳಿಯಬೇಕಾದರೆ ಈ ಜಿಲ್ಲೆಯಲ್ಲಿ ಚಾಲಗೇಣಿಯನ್ನು ನೋಡಬೇಕು. ಕಾಗದವೇ ಇಲ್ಲದವರ ಕಥೆ ಅದು. ಗದ್ದೆ ಧಣಿಯದ್ದು, ದುಡಿಮೆ ಒಕ್ಕಲಿನದ್ದು, ಒಪ್ಪಂದ ವರ್ಷದಿಂದ ವರ್ಷಕ್ಕೆ. ಗೇಣಿ ಅಳೆಯುವುದು ಅಕ್ಕಿ ಮುಡಿಯ ಲೆಕ್ಕದಲ್ಲಿ. ಮಳೆ ಕೈಕೊಟ್ಟರೂ ಮುಡಿ ಹೋಗಲೇಬೇಕು. ಮೇಲಿಂದ ಹಬ್ಬಕ್ಕೆ ಕಾಣಿಕೆ, ಧಣಿಯ ಮನೆಯ ಮದುವೆಗೆ ಬಿಟ್ಟಿ ಕೆಲಸ. ರಶೀದಿ ಕೊಡುವ ಧಣಿಗಳು ಕಡಿಮೆ. ಎದುರು ಮಾತಾಡಿದರೆ ಮುಂದಿನ ವರ್ಷ ಗದ್ದೆ ಇಲ್ಲ. ಇದೆಲ್ಲ ಕಾನೂನುಬದ್ಧವೇ ಆಗಿತ್ತು.

ಹುಡುಗಿ: ಆಮೇಲೆ 1974.

ವಕೀಲರು: ಹೌದು. ದೇವರಾಜ ಅರಸರ ಸರಕಾರ 1961ರ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂತು. 44ನೇ ಸೆಕ್ಷನ್ ಓದಿದ್ದೀಯಲ್ಲ? 1974ರ ಮಾರ್ಚ್ 1ರ ಮುಂಚೆ ಗೇಣಿಗೆ ಕೊಟ್ಟಿದ್ದ ಕೃಷಿ ಭೂಮಿಯೆಲ್ಲ ಆ ದಿನ ಸರಕಾರಕ್ಕೆ ಸೇರಿತು. ಒಕ್ಕಲು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಡಬೇಕು, ಟ್ರಿಬ್ಯೂನಲ್ ವಿಚಾರಿಸಿ ಅವನ ಹೆಸರಿಗೆ ಮಾಡಬೇಕು. ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ ಅತಿ ಹೆಚ್ಚು ಅರ್ಜಿ ಬಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆಗ ನನ್ನ ಕರಿ ಕೋಟು ಇನ್ನೂ ಹೊಸದು. ತಾಲೂಕು ಕಚೇರಿಯ ಹೊರಗೆ ಕೂತು ಎಷ್ಟೋ ಜನರ ನಮೂನೆ 7 ತುಂಬಿಸಿ ಕೊಟ್ಟಿದ್ದೇನೆ. ಆ ಕಾಗದ ಏನು ಕೇಳುತ್ತಿತ್ತು ಹೇಳು ನೋಡುವಾ.

ಹುಡುಗಿ: ಸರ್ವೆ ನಂಬರು, ವಿಸ್ತೀರ್ಣ, ಧಣಿಯ ಹೆಸರು, ಗೇಣಿ ಎಷ್ಟು...

ವಕೀಲರು: ಅದೆಲ್ಲ ವಿವರ. ನಿಜವಾಗಿ ಕೇಳಿದ್ದು ಒಂದೇ. ಆ ದಿನ ಈ ಗದ್ದೆಯನ್ನು ಗೇಣಿಗೆ ಉಳುತ್ತಿದ್ದವರು ಯಾರು? ಧಣಿಗೆ ಜಾಗ ಹೇಗೆ ಬಂತು ಎಂದು ಕೇಳಲಿಲ್ಲ. ಧಣಿ ಒಳ್ಳೆಯವನಾ ಕೆಟ್ಟವನಾ ಎಂದು ಕೇಳಲಿಲ್ಲ. ಒಕ್ಕಲು ಬಡವನಾ ಎಂದೂ ಕೇಳಲಿಲ್ಲ. ನೀನು ಓದುವ ದೊಡ್ಡ ದೊಡ್ಡ ಪುಸ್ತಕಗಳನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಒಂದೊಂದು ಸಿದ್ಧಾಂತವೂ ಒಂದೊಂದು ಪ್ರಶ್ನೆ. ಕಾನೂನು ಅದರಲ್ಲಿ ಒಂದನ್ನು ಆರಿಸಿ ನಮೂನೆಯಲ್ಲಿ ಅಚ್ಚು ಹಾಕಿಸುತ್ತದೆ. ಉಳಿದ ಪ್ರಶ್ನೆಗಳು ಹೊರಗೆ ನಿಲ್ಲುತ್ತವೆ.

ಹುಡುಗಿ: ಹಾಗಾದರೆ ನೋಝಿಕ್ ಅವರ ಪ್ರಶ್ನೆ ಹೊರಗೆ ನಿಂತಿತು. ಆಶ್ಚರ್ಯ ನೋಡಿ, ಅವರ ಪುಸ್ತಕ ಬಂದದ್ದೂ 1974ರಲ್ಲೇ. ಆಸ್ತಿ ನಿನ್ನ ಕೈಗೆ ಹೇಗೆ ಬಂತು ಎಂಬುದೊಂದೇ ಅವರಿಗೆ ಮುಖ್ಯ. ಮೊದಲು ಹಿಡಿದದ್ದು ಸರಿಯಾಗಿದ್ದರೆ, ಆಮೇಲಿನ ಕೈಬದಲು ಸರಿಯಾಗಿದ್ದರೆ, ಯಾರಿಗೆ ಎಷ್ಟಿದೆ ಎಂದು ಸರಕಾರ ತಲೆ ಹಾಕಬಾರದು. ಅವರ ಲೆಕ್ಕದಲ್ಲಿ ಅರಸರು ಮಾಡಿದ್ದು ಕಿತ್ತುಕೊಳ್ಳುವ ಕೆಲಸ.

ವಕೀಲರು: ಎಷ್ಟೋ ಧಣಿಗಳು ಆ ಪುಸ್ತಕದ ಹೆಸರು ಕೇಳದೆಯೇ ಅದೇ ವಾದ ಮಾಡಿದರು. ಆ ಪ್ರಶ್ನೆಯನ್ನು ಈ ಊರಿನಲ್ಲಿ ಕೇಳಿಯೇ ನೋಡುವಾ. ಧಣಿಯ ಕ್ರಯಪತ್ರದಿಂದ ಹಿಂದೆ ಹೋಗು. ಹೋಗಿ ಹೋಗಿ ವರ್ಗದ ಲೆಕ್ಕಕ್ಕೆ ಮುಟ್ಟುತ್ತೀ. ಟಿಪ್ಪು ಬಿದ್ದ ಮೇಲೆ, 1799ರಲ್ಲಿ, ತಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರಾಗಿ ಬಂದರು. ಇಲ್ಲಿ ಭೂಮಿ ಹಿಂದಿನಿಂದಲೂ ಖಾಸಗಿ ಆಸ್ತಿಯೇ ಎಂದು ಬರೆದರು. ಕಂದಾಯ ಕಟ್ಟುವವನ ಹೆಸರು ಲೆಕ್ಕದಲ್ಲಿ ನಿಂತಿತು, ಅವನೇ ವರ್ಗದಾರ. ಅದಕ್ಕೂ ಹಿಂದೆ ಹೋಗು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಅವರ ಆಸ್ತಿ ಮುಟ್ಟುಗೋಲಾಯಿತು. 1799ರ ಮೇಲೆ ಬದುಕಿ ಉಳಿದವರು ವಾಪಸು ಬಂದಾಗ ಅವರ ಗದ್ದೆಯಲ್ಲಿ ಬೇರೆಯವರು ಇದ್ದರು. ಕೆಲವರಿಗೆ ಜಾಗ ಮರಳಿ ಸಿಕ್ಕಿತು, ಕೆಲವರಿಗೆ ಇಲ್ಲ. ಇಲ್ಲಿನ ಕೊರ್ಡೆಲ್ ಇಗರ್ಜಿಗೆ ಹೋಗುವ ಹಳೆಯ ಮನೆಗಳಲ್ಲಿ ಕೇಳು, ಆ ನೆನಪು ಇನ್ನೂ ಹಸಿ. ಈಗ ಹೇಳು, ಆ ಗದ್ದೆಯ ಸರಿಯಾದ ಒಡೆಯ ಯಾರು? ಸೆರೆಯಾಗಿ ಹೋದವನಾ, ಹದಿನೈದು ವರ್ಷ ಉತ್ತು ಹೊಟ್ಟೆ ಹೊರೆದವನಾ?

ಹುಡುಗಿ: ಹಳೆಯ ಅನ್ಯಾಯ ಸರಿಪಡಿಸುವ ನಿಯಮವೂ ಬೇಕೆಂದು ನೋಝಿಕ್ ಒಪ್ಪುತ್ತಾರೆ. ಅನ್ಯಾಯ ತುಂಬ ದೊಡ್ಡದಿದ್ದರೆ ಕೆಲವು ಕಾಲ ಹೆಚ್ಚು ಬಲದ ಸರಕಾರ ಬೇಕಾದೀತು ಎಂದೂ ಹೇಳುತ್ತಾರೆ.

ವಕೀಲರು: ಹೇಳಿ ಅಲ್ಲಿಗೇ ಬಿಡುತ್ತಾರೆ. ಹೇಗೆ ಸರಿಪಡಿಸುವುದು ಎಂಬುದು ಆ ಪುಸ್ತಕದಲ್ಲಿ ಕೆಲವೇ ಪುಟ. ನಮ್ಮಲ್ಲಿ ಅದೇ ಪೂರ್ತಿ ಪುಸ್ತಕ. ಇನ್ನೂರು ವರ್ಷದ ಸರಪಳಿ ಎಣಿಸಲಿಕ್ಕೆ ಹೋಗಿದ್ದರೆ ಒಂದು ಗದ್ದೆಯ ಕೇಸೂ ಮುಗಿಯುತ್ತಿರಲಿಲ್ಲ. ದಾಖಲೆ ಯಾರ ಕಪಾಟಿನಲ್ಲಿ ಇತ್ತೋ ಅವನೇ ಗೆಲ್ಲುತ್ತಿದ್ದ. ಅದಕ್ಕೇ ನಾನು 1974ರ ಕಾಯಿದೆಯನ್ನು ಇಷ್ಟು ಗೌರವಿಸುವುದು. ಹಿಂದಿನದ್ದೆಲ್ಲ ಬದಿಗಿಟ್ಟು, ಅಕ್ಷರ ಬಾರದವನೂ ಉತ್ತರ ಕೊಡಬಹುದಾದ ಪ್ರಶ್ನೆ ಕೇಳಿತು. ನೆರೆಗದ್ದೆಯವನು ಬಂದು ಸಾಕ್ಷಿ ಹೇಳಬಹುದಾದ ಪ್ರಶ್ನೆ.

ಹುಡುಗಿ: ರಾಲ್ಸ್ ಇದ್ದಿದ್ದರೆ ಒಪ್ಪುತ್ತಿದ್ದರು. 1971ರ ಪುಸ್ತಕದಲ್ಲಿ ಅವರು ಹೇಳುವುದು, ನಿಯಮ ಮಾಡುವವರಿಗೆ ತಾವು ಯಾರ ಮನೆಯಲ್ಲಿ ಹುಟ್ಟುತ್ತೇವೆಂದು ಗೊತ್ತಿರಬಾರದು ಎಂದು. ಧಣಿಯಾಗಿ ಹುಟ್ಟುತ್ತೇನಾ, ಒಕ್ಕಲಾಗಿ ಹುಟ್ಟುತ್ತೇನಾ ಗೊತ್ತಿಲ್ಲದವನು ಚಾಲಗೇಣಿಗೆ ಯಾವತ್ತೂ ಸಹಿ ಹಾಕುವುದಿಲ್ಲ. ಅಸಮಾನತೆ ಇದ್ದರೂ ಅದು ಎಲ್ಲರಿಗಿಂತ ಕೆಳಗಿರುವವನಿಗೆ ಒಳಿತಾಗುವಂತೆ ಇರಬೇಕು.

ವಕೀಲರು: ಎಲ್ಲರಿಗಿಂತ ಕೆಳಗಿರುವವನು. ಆ ಮಾತನ್ನು ಹಿಡಿದಿಟ್ಟುಕೋ, ಆಮೇಲೆ ಬೇಕಾಗುತ್ತದೆ. ಅದಕ್ಕೆ ಮೊದಲು ನಮೂನೆ 7ರ ಪ್ರಶ್ನೆಯಿಂದ ಅನ್ಯಾಯಕ್ಕೆ ಒಳಗಾದವರ ವಿಷಯ. ಟ್ರಿಬ್ಯೂನಲಿನ ಜಗಲಿಯಲ್ಲಿ ಒಬ್ಬರು ವಿಧವೆ ಕೂತಿರುತ್ತಿದ್ದರು. ಗಂಡ ಸತ್ತ ಮೇಲೆ ಉಳುವವರಿಲ್ಲದೆ ಇದ್ದ ಒಂದೇ ಗದ್ದೆಯನ್ನು ಗೇಣಿಗೆ ಕೊಟ್ಟವರು. ವರ್ಷದ ಅಕ್ಕಿ ಅದರಲ್ಲೇ. ಅವರ ಒಕ್ಕಲಿಗೆ ಬೇರೆ ಕಡೆ ಸ್ವಂತ ತೋಟ ಇತ್ತು. ಕಾಯಿದೆಯ ಪ್ರಕಾರ ಇವರು ಧಣಿ, ಅವನು ಒಕ್ಕಲು. ಗದ್ದೆ ಹೋಯಿತು. ಪರಿಹಾರದ ಹಣ ಗೇಣಿಯ ಲೆಕ್ಕದಲ್ಲಿ ಬಂತು, ಭೂಮಿಯ ಬೆಲೆಯಲ್ಲಿ ಅಲ್ಲ. ಸೈನಿಕರಿಗೆ, ಹಡಗಿನ ಕೆಲಸದವರಿಗೆ ವಿನಾಯಿತಿ ಇತ್ತು. ಆ ಹೆಂಗಸಿಗೆ ಗದ್ದೆ ಉಳಿಸಿಕೊಡುವ ಒಂದು ಸಾಲೂ ಇರಲಿಲ್ಲ.

ಹುಡುಗಿ: ಅರಿಸ್ಟಾಟಲ್ ಹೇಳಿದ್ದು ಇದನ್ನೇ ಅಲ್ಲವಾ? ಕಾನೂನು ಎಲ್ಲರಿಗೂ ಒಟ್ಟಾಗಿ ಮಾತಾಡುತ್ತದೆ, ಎಲ್ಲೋ ಒಂದು ಕಡೆ ಅದು ತಪ್ಪುತ್ತದೆ, ಅಲ್ಲಿ ನ್ಯಾಯಾಧೀಶ ಅದನ್ನು ತಿದ್ದಬೇಕು. ಲೆಸ್ಬೋಸ್ ದ್ವೀಪದ ಶಿಲ್ಪಿಗಳು ಸೀಸದ ಅಳತೆಪಟ್ಟಿ ಇಟ್ಟುಕೊಳ್ಳುತ್ತಿದ್ದರಂತೆ, ಕಲ್ಲಿನ ಆಕಾರಕ್ಕೆ ಬಗ್ಗುವಂಥದ್ದು.

ವಕೀಲರು: ಬಗ್ಗುವ ಪಟ್ಟಿ ಒಳ್ಳೆಯದೇ. ಆದರೆ ಯಾರು ಬಗ್ಗಿಸುತ್ತಾರೆ? ಟ್ರಿಬ್ಯೂನಲಿಗೆ ಕರುಣೆಯ ಅಧಿಕಾರ ಕೊಟ್ಟಿದ್ದರೆ ಮರುದಿನ ಜಿಲ್ಲೆಯ ದೊಡ್ಡ ದೊಡ್ಡ ಧಣಿಗಳೆಲ್ಲ ಅತ್ತೆ, ಚಿಕ್ಕಮ್ಮಂದಿರನ್ನು ಮುಂದಿಟ್ಟುಕೊಂಡು ಬರುತ್ತಿದ್ದರು. ಆ ವಿಧವೆಗೆ ಅನ್ಯಾಯ ಆಯಿತು, ಅದರಲ್ಲಿ ನನಗೆ ಸಂಶಯ ಇಲ್ಲ. ಆ ಅನ್ಯಾಯ ತಪ್ಪಿಸಲಿಕ್ಕೆ ಹೋಗಿದ್ದರೆ ಕಾಯಿದೆಯೇ ಸೋರಿ ಹೋಗುತ್ತಿತ್ತು, ಅದರಲ್ಲೂ ಸಂಶಯ ಇಲ್ಲ. 1961ರ ಮೂಲ ಕಾಯಿದೆ ಹೀಗೇ ಸೋರಿ ಸೋರಿ ಉಪಯೋಗಕ್ಕೆ ಬಾರದೆ ಹೋದದ್ದು. ಧಣಿಗೆ ಸ್ವಂತ ಸಾಗುವಳಿಗೆಂದು ಭೂಮಿ ವಾಪಸು ಪಡೆಯುವ ದಾರಿ ಅದರಲ್ಲಿ ಇತ್ತು.

ಹುಡುಗಿ: ವಕೀಲರಿಗೆ ಟ್ರಿಬ್ಯೂನಲಿನ ಒಳಗೆ ಪ್ರವೇಶ ಇರಲಿಲ್ಲವಂತೆ?

ವಕೀಲರು: ಇರಲಿಲ್ಲ. 48ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ನಾವು ಹೊರಗಿನ ಮರದ ಕೆಳಗೆ. ಒಳಗೆ ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಜೊತೆಗೆ ಸರಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಇಲ್ಲವೇ ಪಂಗಡದವರು. ಒಕ್ಕಲು ತುಳುವಿನಲ್ಲಿ ಹೇಳುತ್ತಿದ್ದ, ಬರೆಯುವವರು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಧಣಿಯ ಎದುರು ಯಾವತ್ತೂ ಕೂರದವನು ಅಲ್ಲಿ ಅವನ ಎದುರೇ ನಿಂತು, ಈ ಗದ್ದೆ ನಾನು ಬೇಸಾಯ ಮಾಡುವುದು ಎಂದು ಹೇಳಿದ. ನ್ಯಾಯ ಎಂದರೆ ಆಸ್ತಿ ಹಂಚುವುದು ಮಾತ್ರ ಅಂತ ತಿಳಿದವರು ಆ ದೃಶ್ಯ ನೋಡಬೇಕಿತ್ತು. ಧಣಿ ಪೇಟೆಯ ದೊಡ್ಡ ವಕೀಲರನ್ನು ತರಬಲ್ಲ, ಒಕ್ಕಲಿಗೆ ಅದು ಆಗದು. ಆದ್ದರಿಂದ ಇಬ್ಬರಿಗೂ ಬೇಡ ಎಂದದ್ದರಲ್ಲಿ ಅರ್ಥ ಇತ್ತು. ನನ್ನ ಹೊಟ್ಟೆಪಾಡಿಗೆ ವಿರುದ್ಧವಾದರೂ ಹೇಳುತ್ತೇನೆ.

ಹುಡುಗಿ: ಆದರೆ 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧ ನಿಲ್ಲುವುದಿಲ್ಲ ಎಂದಿತು. ಅದೂ ಸರಿಯೇ ಅಲ್ಲವಾ? ನೋಟೀಸು ಕೊಡದೆ, ಹೇಳಿಕೆ ಸರಿಯಾಗಿ ಬರೆದುಕೊಳ್ಳದೆ ಮಾಡಿದ ಆದೇಶಗಳನ್ನು ಹೈಕೋರ್ಟು ರಾಶಿ ರಾಶಿ ವಾಪಸು ಕಳಿಸಿದೆ. ಒಳ್ಳೆಯ ಉದ್ದೇಶ ಇದ್ದರೆ ಸಾಕಾ? ಕೇಳುವ ಕ್ರಮವೂ ನ್ಯಾಯವಾಗಿರಬೇಕಲ್ಲ.

ವಕೀಲರು: ಇರಬೇಕು. ಆ ಜಗಳ ಈ ಊರಿನದೇ ಎಂದರೂ ಆದೀತು, ಏಕೆಂದರೆ ಅದನ್ನು ಸಂವಿಧಾನದೊಳಗೆ ತಂದವರು ನಮ್ಮೂರಿನವರು. ಬೆನಗಲ್ ನರಸಿಂಗ ರಾಯರು, 1887ರಲ್ಲಿ ಹುಟ್ಟಿದವರು, ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡು ಬರೆದುಕೊಟ್ಟರು. ಆಮೇಲೆ ಅಮೆರಿಕಕ್ಕೆ ಹೋದಾಗ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಒಬ್ಬನ ಸ್ವಾತಂತ್ರ್ಯ ಕಸಿಯುವ ಕಾನೂನು ನ್ಯಾಯವಾದದ್ದಾ ಎಂದು ನೋಡುವ ಅಧಿಕಾರ ಕೋರ್ಟಿಗೆ ಕೊಡಬೇಡಿ ಎಂದು ಆತ ಹೇಳಿದರು. ಅಲ್ಲಿನ ಕೋರ್ಟು ಅದೇ ಅಧಿಕಾರ ಬಳಸಿ, 1905ರಲ್ಲಿ, ಬೇಕರಿ ಕೆಲಸಗಾರರ ದುಡಿಮೆಯ ಗಂಟೆಗೆ ಮಿತಿ ಹಾಕಿದ ಕಾಯಿದೆಯನ್ನೇ ಹೊಡೆದು ಹಾಕಿತ್ತು. ನಾಳೆ ಇಲ್ಲಿ ಬಡವರ ಪರ ಕಾಯಿದೆ ಬಂದರೆ ಕೋರ್ಟು ಅಡ್ಡ ಬಂದೀತು ಎಂಬ ಚಿಂತೆ ರಾಯರಿಗೆ. ಹಾಗೆ 21ನೇ ವಿಧಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮ ಇದ್ದರೆ ಸಾಕು ಎಂದು ಬಂತು.

ಹುಡುಗಿ: ಅದರ ಮೊದಲ ಪೆಟ್ಟು ಬಿದ್ದದ್ದು ಬಡವರ ಪರ ನಿಂತವರಿಗೇ! ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್. 1950ರಲ್ಲಿ ವಿಚಾರಣೆ ಇಲ್ಲದೆ ಜೈಲಿನಲ್ಲಿದ್ದರು. ಕಾನೂನು ಇದೆ, ಕ್ರಮ ಇದೆ, ಮುಗಿಯಿತು ಎಂದಿತು ಕೋರ್ಟು. ಫಜಲ್ ಅಲಿ ಒಬ್ಬರು ಮಾತ್ರ ಒಪ್ಪಲಿಲ್ಲ. ಮುಂದೆ ಅದೇ ಗೋಪಾಲನ್ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿ ಬಂದರು. ಕ್ರಮ ಅಂದ ಮೇಲೆ ಅದು ನ್ಯಾಯವಾದ ಕ್ರಮ ಆಗಿರಬೇಕು ಎಂದು ಹೇಳಲಿಕ್ಕೆ ಕೋರ್ಟಿಗೆ 1978ರವರೆಗೆ, ಮೇನಕಾ ಗಾಂಧಿ ಕೇಸಿನವರೆಗೆ ಬೇಕಾಯಿತು. ರಾಯರ ಚಿಂತೆ ತಪ್ಪು ಅನ್ನುವುದಿಲ್ಲ ಮಾಮ. ಬಡವನ ಕಾಯಿದೆ ಉಳಿಸಲಿಕ್ಕೆ ಹೊರಟು ಬಡವನ ಮೈಮೇಲಿನ ಕಾವಲನ್ನೇ ತೆಗೆದರು.

ವಕೀಲರು: ಎಡನೀರಿನ ಕಥೆಯನ್ನೂ ಇದರ ಜೊತೆ ಓದಬೇಕು. ಕಾಸರಗೋಡಿನ ಆ ಮಠದ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಕೋರ್ಟಿಗೆ ಹೋದದ್ದು ಮಠದ ಭೂಮಿಗಾಗಿ, ಕೇರಳದ ಭೂಸುಧಾರಣೆಯ ವಿರುದ್ಧ. 13 ನ್ಯಾಯಮೂರ್ತಿಗಳು 68 ದಿನ ಕೇಳಿದರು. 1973ರ ಏಪ್ರಿಲ್ 24ಕ್ಕೆ ತೀರ್ಪು ಬರುವಾಗ ಪ್ರಶ್ನೆಯೇ ಬೇರೆಯಾಗಿತ್ತು: ಸಂಸತ್ತು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು? ಏಳಕ್ಕೆ ಆರರ ಬಹುಮತದಲ್ಲಿ ಮೂಲ ಸ್ವರೂಪ ಮುಟ್ಟಬಾರದು ಎಂದಾಯಿತು. ಮಠಕ್ಕೆ ಭೂಮಿ ಉಳಿಯಲಿಲ್ಲ. ಭೂಸುಧಾರಣೆ ನಿಂತಿತು, ಕೋರ್ಟಿನ ಕೊನೆಯ ಮಾತೂ ನಿಂತಿತು. ಮರುವರ್ಷವೇ ನಮ್ಮ ಮಾರ್ಚ್ 1. ಒಂದು ಕಡೆ ನರಸಿಂಗ ರಾಯರು, ಇನ್ನೊಂದು ಕಡೆ ಎಡನೀರು. ಎರಡರ ನಡುವೆ ಇಡೀ ದೇಶದ ವಾದ ಓಡಾಡಿದೆ.

ಹುಡುಗಿ: ನೀವು ಹಿಡಿದಿಟ್ಟುಕೋ ಎಂದ ಮಾತು ಈಗ ತೆಗೆಯಲಾ?

ವಕೀಲರು: ತೆಗೆ.

ಹುಡುಗಿ: ಎಲ್ಲರಿಗಿಂತ ಕೆಳಗಿದ್ದವನು ಒಕ್ಕಲು ಅಲ್ಲ. ಒಕ್ಕಲಿನ ಗದ್ದೆಗೂ ಧಣಿಯ ಗದ್ದೆಗೂ ಇಳಿಯುತ್ತಿದ್ದ ಆಳು. 4ನೇ ಸೆಕ್ಷನ್ ಓದಿದೆ. ಬೇರೆಯವರ ಭೂಮಿಯನ್ನು ಕಾನೂನುಬದ್ಧವಾಗಿ ಉಳುವವನು ಒಕ್ಕಲು ಎಂದೇ ಲೆಕ್ಕ. ಆದರೆ ಅವನು ಧಣಿಯ ಮನೆಯವನಾಗಿರಬಾರದು, ಸಂಬಳದ ಆಳೋ ಕೂಲಿಯವನೋ ಆಗಿರಬಾರದು. ಅಂದರೆ ಉಳುವವನೇ ಹೊಲದೊಡೆಯ ಎಂದು ಘೋಷಣೆ. ಆದರೆ ನೇಗಿಲಿನ ಹಿಂದೆ ನಡೆದವನನ್ನು ಕೇಳಲೇ ಇಲ್ಲ. ಕೇಳಿದ್ದು ಗೇಣಿ ಯಾರು ಕೊಟ್ಟರು ಎಂದು.

ವಕೀಲರು: ಹೌದು. ಭೂಮಿ ಸಿಕ್ಕಿದ್ದು ಒಕ್ಕಲಾಗಿದ್ದ ಬಿಲ್ಲವರಿಗೆ, ಕ್ರೈಸ್ತರಿಗೆ, ಕುಲಾಲರಿಗೆ, ಗೌಡರಿಗೆ, ಬಂಟರಲ್ಲೂ ಅನೇಕರಿಗೆ. ಅವರ ಮಕ್ಕಳು ಓದಿದರು, ಮುಂಬಯಿಗೆ, ಕೊಲ್ಲಿಗೆ ಹೋದರು, ಈ ಜಿಲ್ಲೆಯ ಮುಖವೇ ಬದಲಾಯಿತು. ಆಳುಗಳಿಗೆ 38ನೇ ಸೆಕ್ಷನ್ನಿನಲ್ಲಿ ಗುಡಿಸಲು ನಿಂತ ಜಾಗದ ಹಕ್ಕು. ಅಷ್ಟೇ.

ಹುಡುಗಿ: ಅವರ ಕಥೆಯನ್ನು ಹಿಂದಿನಿಂದ ಓದಿದರೆ ಮೈ ಉರಿಯುತ್ತದೆ. 1801ರಲ್ಲಿ ಬ್ರಿಟಿಷರು ಸಮೀಕ್ಷೆಗೆ ಕಳಿಸಿದ ಬುಕಾನನ್ ಈ ದಾರಿಯಲ್ಲಿ ಬಂದಾಗ ಗದ್ದೆ ಕೆಲಸದ ಜೀತದಾಳುಗಳನ್ನು ಕಂಡು, ಅವರ ಬೆಲೆ ಬರೆದಿಟ್ಟರು, ಅವರಿಗೆ ಅಳೆದು ಕೊಡುವ ಕಾಳಿನ ಲೆಕ್ಕವನ್ನೂ ಬರೆದಿಟ್ಟರು. ಮನುಷ್ಯರ ಕ್ರಯ ಆಗ ನಡೆಯುತ್ತಿತ್ತು, ಕೋರ್ಟೂ ಅದನ್ನು ಒಪ್ಪುತ್ತಿತ್ತು. ಕ್ಲಾಸಿನಲ್ಲಿ ಇದರ ಮೇಲೆಯೇ ನಮ್ಮ ಜಗಳ. ನಾಜಿಗಳ ಕಾಲ ಕಂಡ ಮೇಲೆ ಜರ್ಮನಿಯ ನ್ಯಾಯತಜ್ಞ ರಾಡ್‌ಬ್ರುಖ್ 1946ರಲ್ಲಿ, ಅನ್ಯಾಯ ಸಹಿಸಲಾಗದ ಮಟ್ಟ ಮುಟ್ಟಿದರೆ ಅದು ಕಾನೂನೇ ಅಲ್ಲ ಎಂದರು. ಇಂಗ್ಲೆಂಡಿನ ಹಾರ್ಟ್ 1958ರಲ್ಲಿ, ಕಾನೂನು ಹೌದು, ಆದರೆ ಪಾಲಿಸಲಾಗದಷ್ಟು ಕೆಟ್ಟದ್ದು ಎನ್ನಿ, ಹೆಸರು ಬದಲಿಸಿ ಕಣ್ಣು ಮುಚ್ಚಬೇಡಿ ಎಂದರು. ನೀವು ಯಾರ ಕಡೆ?

ವಕೀಲರು: ಈ ವಿಷಯದಲ್ಲಿ ಹಾರ್ಟ್ ಅವರ ಕಡೆ. ಅದು ಕಾನೂನೇ ಆಗಿರಲಿಲ್ಲ ಎಂದು ಈಗ ಹೇಳಿದರೆ ಕೋರ್ಟು, ಕಲೆಕ್ಟರು, ದಸ್ತಾವೇಜು ಬರೆದವನು ಎಲ್ಲರೂ ಪಾರಾಗುತ್ತಾರೆ. ಕಾನೂನೇ ಆಗಿತ್ತು, ಕಾನೂನೇ ಅದನ್ನು ಮಾಡಿತು. ಹಾಗೆ ಹೇಳಿದರೆ ಮಾತ್ರ ಕಾನೂನು ಸಾಲ ತೀರಿಸಬೇಕು ಎಂಬ ಮಾತು ಬರುತ್ತದೆ. 1843ರ ಕಾಯಿದೆ ನೋಡು. ಜೀತದ ಮೇಲಿನ ಹಕ್ಕನ್ನು ಇನ್ನು ಮುಂದೆ ಕೋರ್ಟು ನಡೆಸಿಕೊಡುವುದಿಲ್ಲ ಎಂದಿತು. ಯಜಮಾನನಿಗೆ ಬಾಗಿಲು ಮುಚ್ಚಿತು, ಆಳಿಗೆ ಯಾವ ಬಾಗಿಲೂ ತೆರೆಯಲಿಲ್ಲ. ಒಂದು ಸೆಂಟ್ಸ್ ಜಾಗ ಇಲ್ಲ, ಒಂದು ಕಲಸೆ ಭತ್ತ ಇಲ್ಲ. ಬಿಡುಗಡೆಯಾದವನು ಅದೇ ಗದ್ದೆಗೆ ಇಳಿದ, ಮೂಲದಾಳು ಎಂಬ ಹೆಸರಿನಲ್ಲಿ.

ಹುಡುಗಿ: ನೂರಮೂವತ್ತು ವರ್ಷ ಆದ ಮೇಲೆ ಅವನ ಮೊಮ್ಮಗನ ಮೊಮ್ಮಗ ನಮೂನೆ 7 ಹಿಡಿದು ಬಂದರೆ, ನೀನು ಆಳು, ನಿನಗಲ್ಲ ಎಂದು ಕಳಿಸಿದರು. ಗೇಣಿ ಚೀಟು ಅವನಿಗೆ ಇಲ್ಲ, ಏಕೆಂದರೆ ಗೇಣಿಗೆ ಗದ್ದೆ ಕೊಡುವಷ್ಟೂ ಅವನನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಹಿಂದಿನದ್ದು ಕೇಳದಿರುವುದು ಈ ಕಾಯಿದೆಯ ದೊಡ್ಡತನ ಎಂದಿರಿ. ಇವನ ಪಾಲಿಗೆ ಅದೇ ಮುಳುವಾಯಿತು. ಅವನಿಗೆ ಬೇಕಾದದ್ದು ನೋಝಿಕ್ ಅವರ ಪ್ರಶ್ನೆ: ಇದೆಲ್ಲ ನಿಮಗೆ ಹೇಗೆ ಬಂತು?

ವಕೀಲರು: ಇದು ನನಗೆ ಈ ರೀತಿ ಹೊಳೆದಿರಲಿಲ್ಲ. ಧಣಿಯ ಪರ ಎಂದು ತಿಳಿದ ಪ್ರಶ್ನೆ ಆಳಿನ ಕೈಗೆ ಹೋದರೆ ಧಣಿಗೂ ಕಷ್ಟ, ಒಕ್ಕಲಿಗೂ ಕಷ್ಟ.

ಹುಡುಗಿ: ಅಂಬೇಡ್ಕರ್ ಇದನ್ನು ಮೊದಲೇ ಕಂಡಿದ್ದರು. 1947ರ ಅವರ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಟಿಪ್ಪಣಿಯಲ್ಲಿ, ಗೇಣಿ ಕಾಯಿದೆಗಳಿಂದ ಅಸ್ಪೃಶ್ಯರಿಗೆ ಏನೂ ಆಗದು, ಅವರು ಒಕ್ಕಲೇ ಅಲ್ಲ, ಭೂಮಿಯಿಲ್ಲದ ಕೂಲಿಗಳು ಎಂದು ನೇರವಾಗಿ ಬರೆದರು. ಕೃಷಿ ಭೂಮಿ ಸರಕಾರದ್ದಾಗಲಿ, ಜಾತಿ ನೋಡದೆ ಊರಿನವರೆಲ್ಲ ಒಟ್ಟಾಗಿ ಬೇಸಾಯ ಮಾಡಲಿ ಎಂದರು. ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 27 ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದರು, ನಮ್ಮವರು ಪ್ರಶ್ನೆಯನ್ನೇ ಬದಲಿಸಿದರು.

ವಕೀಲರು: ನಿನ್ನ ಕೋಪ ಸರಿ. ಆದರೂ ಒಂದು ಮಾತು ಕೇಳು. 1974ರಲ್ಲಿ ಆಳಿಗೂ ಪಾಲು ಎಂದಿದ್ದರೆ ಒಕ್ಕಲು ಧಣಿಯ ಜೊತೆ ಸೇರುತ್ತಿದ್ದ. ವಿಧಾನಸಭೆಯಲ್ಲಿ ಆ ಕಾಯಿದೆ ಪಾಸಾಗುತ್ತಲೇ ಇರಲಿಲ್ಲ. ಅಮರ್ತ್ಯ ಸೇನ್ 2009ರಲ್ಲಿ ಬರೆದರಲ್ಲ, ಪೂರ್ಣ ನ್ಯಾಯದ ಚಿತ್ರ ಬಿಡಿಸುತ್ತಾ ಕೂರುವ ಬದಲು ಎದುರಿಗೆ ಇರುವ ಎರಡರಲ್ಲಿ ಯಾವುದು ಹೆಚ್ಚು ನ್ಯಾಯ ಎಂದು ನೋಡಿ ಎಂದು. ಚಾಲಗೇಣಿಗೂ ಮಾರ್ಚ್ 1ಕ್ಕೂ ಹೋಲಿಸಿದರೆ ನನಗೆ ಅನುಮಾನ ಇಲ್ಲ.

ಹುಡುಗಿ: ನನಗೂ ಇಲ್ಲ. ಆದರೆ ಹೋಲಿಸುವಾಗ ಯಾರ ಮನೆಯಲ್ಲಿ ನಿಂತು ಹೋಲಿಸುತ್ತೇವೆ? ಒಕ್ಕಲಿನ ಮನೆಯಿಂದ ನೋಡಿದರೆ ಹಗಲು ರಾತ್ರಿಯ ವ್ಯತ್ಯಾಸ. ಆಳಿನ ಗುಡಿಸಲಿನಿಂದ ನೋಡಿದರೆ ಧಣಿಯ ಹೆಸರು ಬದಲಾಯಿತು. ಒಂದು ಮೆಟ್ಟಿಲು ಹತ್ತಿದವರು ಏಣಿಯನ್ನು ಅಲ್ಲಿಗೇ ನಿಲ್ಲಿಸಿದರು. ಆಮೇಲಾದರೂ ಏನಾಯಿತು? ದಲಿತರಿಗೆಂದು ಬ್ರಿಟಿಷರ ಕಾಲದಲ್ಲೇ ಬದಿಗಿಟ್ಟ ಡಿ.ಸಿ. ಮನ್ನಾ ಜಾಗ ಈ ಜಿಲ್ಲೆಯಲ್ಲಿ ಉಂಟು. ಅದನ್ನು ಹಂಚಿ, ಒತ್ತುವರಿ ತೆರವು ಮಾಡಿ ಎಂದು ಈಗಲೂ ಸಭೆ ಸಭೆಯಲ್ಲಿ ಕೇಳುತ್ತಲೇ ಇದ್ದಾರೆ. ಇನ್ನೊಂದು ಕಡೆ 2020ರಲ್ಲಿ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದರು. ಕೃಷಿಕರಲ್ಲದವರೂ, ಎಷ್ಟೇ ವರಮಾನ ಇದ್ದವರೂ ಕೃಷಿ ಭೂಮಿ ಕೊಳ್ಳಬಹುದು. 1974ರಲ್ಲಿ ಉಳುವವರು ಯಾರು ಎಂದು ಕೇಳಿದ ಅದೇ ಕಾಯಿದೆ ಈಗ ದುಡ್ಡು ಕೊಡುವವರು ಯಾರು ಎಂದು ಕೇಳುತ್ತದೆ. ಆಳಿನ ಸರದಿ ಬರುವ ಮೊದಲೇ ಕೌಂಟರು ಮುಚ್ಚಿತು.

ವಕೀಲರು: ಮಾರುವ ಸ್ವಾತಂತ್ರ್ಯ ಸಣ್ಣ ರೈತನಿಗೂ ಬೇಕು ಎನ್ನುವವರು ಇದ್ದಾರೆ. ಮಕ್ಕಳು ಊರಲ್ಲಿ ಇಲ್ಲದ ಮುದುಕರಿಗೆ ಅದರಿಂದ ಅನುಕೂಲವೂ ಆಗಿದೆ. ಆದರೂ ಆ ತಿದ್ದುಪಡಿ ನನಗೆ ಸರಿ ಕಾಣುವುದಿಲ್ಲ. ಒಕ್ಕಲಿಗೆ ಭೂಮಿ ಕೊಟ್ಟದ್ದು ಅವನು ಉಳುತ್ತಾನೆ ಎಂಬ ಕಾರಣಕ್ಕೆ. ಆ ಕಾರಣವನ್ನು ತೆಗೆದು ಹಾಕಿದರೆ ಧಣಿಯಿಂದ ತೆಗೆದದ್ದಕ್ಕೂ ಸಮರ್ಥನೆ ಉಳಿಯುವುದಿಲ್ಲ. ಆ ವಿಧವೆ ಇವತ್ತು ಇದ್ದಿದ್ದರೆ, ಹಾಗಾದರೆ ನನ್ನ ಗದ್ದೆ ಏಕೆ ಹೋಯಿತು ಎಂದು ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಹುಡುಗಿ: ಈ ವರ್ಷ ನಾನೊಂದು ಪ್ರಬಂಧ ಬರೆಯಬೇಕು. ರಾಲ್ಸ್ ಮೇಲೆ ಬರೆಯುವುದೆಂದು ಇದ್ದೆ. ಈಗ 4ನೇ ಸೆಕ್ಷನ್ನಿನ ಆ ಒಂದು ಸಾಲಿನ ಮೇಲೆ ಬರೆಯುತ್ತೇನೆ. ಆದರೆ ಪುಸ್ತಕದಲ್ಲಿ ಇರುವುದೆಲ್ಲ ಗೆದ್ದವರ ಲೆಕ್ಕ. ಎಷ್ಟು ಎಕರೆ, ಎಷ್ಟು ಕುಟುಂಬ. ಆಳು ಎಂದು ತಿರಸ್ಕರಿಸಿದ ಅರ್ಜಿಗಳ ಬಗ್ಗೆ ಎಲ್ಲಿ ಹುಡುಕಲಿ?

ವಕೀಲರು: ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಟ್ರಿಬ್ಯೂನಲಿನ ಕಡತಗಳಲ್ಲಿ ತಿರಸ್ಕೃತ ಅಂತ ಬರೆದದ್ದನ್ನು ಮಾತ್ರ ಎತ್ತು. ಆದೇಶದ ಕೊನೆಯ ಪುಟ ನೋಡಿ ಬಿಡಬೇಡ, ಅದು ಒಂದು ಸಾಲು. ಹಿಂದಿನ ಪುಟಗಳಲ್ಲಿ ಅರ್ಜಿದಾರನ ಹೇಳಿಕೆ ಇರುತ್ತದೆ: ಎಷ್ಟು ವರ್ಷದಿಂದ ಕೆಲಸ, ಯಾವ ಗದ್ದೆ, ಏನು ಕೊಡುತ್ತಿದ್ದರು. ಹೆಬ್ಬೆಟ್ಟಿನ ಗುರುತಿನ ಮೇಲೆ ಇರುವ ಭಾಗ, ಅದನ್ನು ಪೂರ್ತಿ ಓದು. ನಕಲಿಗೆ ಅರ್ಜಿ ಹಾಕಬೇಕು, ಸರ್ವೆ ನಂಬರು ಗೊತ್ತಿಲ್ಲದಿದ್ದರೆ ಗ್ರಾಮದ ಹೆಸರು, ವರ್ಷ ಹಾಕಿ ಕೇಳು. ಕೊಡಲಿಕ್ಕೆ ತಡ ಮಾಡುತ್ತಾರೆ, ಮಾಹಿತಿ ಹಕ್ಕಿನಲ್ಲಿ ಇನ್ನೊಂದು ಅರ್ಜಿ ಹಾಕು. ನಾಳೆ ಬೆಳಿಗ್ಗೆ ಬಾ, ಎರಡೂ ಅರ್ಜಿ ಬರೆದು ಕೊಡುತ್ತೇನೆ. ನಿಮ್ಮ ಮೂಲಗೇಣಿ ಚೀಟು ಇಲ್ಲೇ ಇರಲಿ, ಅದನ್ನೂ ನೋಡಿಡುತ್ತೇನೆ.